ಬ್ಯಾಟರಿ ಗಾಡಿಯ ಪರವಾಗಿ

ನಮ್ಮೂರಿನಲ್ಲಿ ಕರೆಂಟು ಹೋಗುತ್ತಿರಲಿಲ್ಲ. ಹೆಮ್ಮೆಗೆ ಹೇಳುವ ಮಾತಲ್ಲ ಇದು. ಮುಂದೆ ಬರೆಯಲಿರುವುದಕ್ಕೆಲ್ಲ ಇದೊಂದೇ ಕಾರಣ ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ಮೊದಲ ಕಾರಣ ಎಂದರೆ ಎದುರು ಮಾತಾಡುವುದಿಲ್ಲ.

ಕೋಲಾರ ಚಿನ್ನದ ಗಣಿಗೆ ಶಿವನಸಮುದ್ರದ ತಂತಿ ಬೆಂಗಳೂರಿಗಿಂತ ಮೊದಲೇ ಬಂದಿತ್ತು. ನೆಲದಡಿ ಸಾವಿರಾರು ಅಡಿ ಕೆಳಗೆ ಜನ ಇರುವಾಗ ಮೇಲೆ ಕರೆಂಟು ನಿಂತರೆ ಅವರನ್ನು ಎತ್ತುವ ಚಕ್ರ ನಿಲ್ಲುತ್ತದೆ, ನೀರೆತ್ತುವ ಪಂಪು ನಿಲ್ಲುತ್ತದೆ. ಆದ್ದರಿಂದ ಅದು ನಿಲ್ಲಬಾರದು, ನಿಲ್ಲುತ್ತಲೂ ಇರಲಿಲ್ಲ. ಗಣಿಗೆ ಸೇರಿದ ಉರಿಗಾಮಿನಲ್ಲಿ, ಕೆಲಸಗಾರರಿಗೆ ಕಂಪನಿ ಕೊಟ್ಟ ಸಾಲುಮನೆಗಳಲ್ಲಿ ಒಂದಾದ ನಮ್ಮ ಲೈನು ಮನೆಯಲ್ಲಿ, ಇದ್ದದ್ದು ಒಂದೇ ಬಲ್ಬು. ಅದರ ಕೆಳಗೆ ಕೂತು ನಾನು ಬಿ.ಎ. ಓದಿದೆ. ಬಲ್ಬು ಉರಿಯಲಿಲ್ಲವೆಂದರೆ ಬಲ್ಬು ಸುಟ್ಟಿದೆ ಎಂದೇ ಅರ್ಥ. ಅದಕ್ಕೆ ಬೇರೆ ಅರ್ಥ ಇರಬಹುದೆಂದು ನಮ್ಮ ಲೈನಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ದೇವರು, ಜಾತಕ, ಪತ್ರಿಕೆ, ಕಾರ್ಮಿಕ ಮುಖಂಡರ ಭಾಷಣ, ವೈದ್ಯರ ಸಮಾಧಾನ, ಎಲ್ಲವನ್ನೂ ಅನುಮಾನಿಸುತ್ತಿದ್ದ ನನಗೂ ಹೊಳೆದಿರಲಿಲ್ಲ.

ಅನುಮಾನಿಸುವುದನ್ನು ನಾನು ಕಲಿತದ್ದು ಕಾಲೇಜಿನ ಚರ್ಚಾಕೂಟದಲ್ಲಿ. ಚೀಟಿ ಎತ್ತುತ್ತಿದ್ದೆವು. ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಎರಡನ್ನೂ ಒಂದೇ ಆವೇಶದಿಂದ ಮಾತಾಡುವುದು ನಮ್ಮ ಮೇಷ್ಟರು ಕೊಟ್ಟ ತರಬೇತಿ. ಎದುರಾಳಿ ಒಂದು ಸಂಗತಿ ಹೇಳಿದ ಕೂಡಲೇ ಕೇಳಬೇಕು: ಎಷ್ಟು ಸಲ? ಯಾವಾಗ? ಎಲ್ಲಿ ಬರೆದಿದೆ? ನೂರಕ್ಕೆ ತೊಂಬತ್ತು ಮಂದಿ ಅಲ್ಲೇ ತಡವರಿಸುತ್ತಾರೆ. ಆ ತಡವರಿಕೆಯನ್ನು ಸಭೆಗೆ ತೋರಿಸಿಬಿಟ್ಟರೆ ಅವರು ಹೇಳಿದ್ದು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ನನ್ನ ಬಳಿ ಹೀಗೆ ಗೆದ್ದ ನಾಲ್ಕು ಕಪ್ಪುಗಳಿದ್ದವು. ಅಕ್ಕ ಅವುಗಳಲ್ಲಿ ಒಂದರಲ್ಲಿ ಸಾಸಿವೆ ಹಾಕಿಟ್ಟಿದ್ದಳು.

ಬಿ.ಎ. ಆದಮೇಲೆ ಬಂಗಾರಪೇಟೆಯ ರೈಲ್ವೆ ಗೂಡ್ಸ್ ಶೆಡ್ಡಿನ ಪಕ್ಕದ ಒಂದು ಗೋಡೌನಿನಲ್ಲಿ ಗುಮಾಸ್ತನಾದೆ. ಕೋಲಾರದ ಕಡೆಯಿಂದ ಚಿಕ್ಕ ರೈಲಿನಲ್ಲಿ ಬಂದ ಸರಕನ್ನು ಇಳಿಸಿ ದೊಡ್ಡ ರೈಲಿಗೆ ಏರಿಸುವುದು, ಮದ್ರಾಸಿನ ಕಡೆಯಿಂದ ಬಂದ ಪೆಟ್ಟಿಗೆ, ಪೀಪಾಯಿ, ಕಬ್ಬಿಣವನ್ನು ಇಳಿಸಿಟ್ಟು ಗಣಿಗೆ ಕಳಿಸುವುದು ಅಲ್ಲಿನ ಕೆಲಸ. ಎರಡು ರೈಲಿನ ಹಳಿಗಳ ಅಗಲ ಬೇರೆ ಬೇರೆ. ಆದ್ದರಿಂದ ಎಲ್ಲವೂ ನಡುವೆ ಒಮ್ಮೆ ಮನುಷ್ಯರ ಬೆನ್ನಿನ ಮೇಲೆ ಹೋಗಬೇಕು. ಇಪ್ಪತ್ತೆರಡು ಮಂದಿ ಹಮಾಲಿಗಳಿದ್ದರು. ಅವರಿಗೊಬ್ಬ ವಯಸ್ಸಾದ ಮೇಸ್ತ್ರಿ. ಸುತ್ತಲ ಹಳ್ಳಿಗಳವರು, ಸಂಜೆ ಅಲ್ಲಿಯೇ ಹೋಗಿ ಮಲಗುವವರು. ನಾನು ಬೆಳಿಗ್ಗೆ ಉರಿಗಾಮಿನಿಂದ ರೈಲಿನಲ್ಲಿ ಬಂದು ಸಂಜೆಯ ರೈಲಿಗೆ ವಾಪಸ್ಸು. ಗೋಡೌನಿನ ಸಾಹುಕಾರರೂ ಹಾಗೆಯೇ. ಅವರ ಮನೆ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ. ಬಂಗಾರಪೇಟೆಯಲ್ಲಿ ದೀಪ ಹಚ್ಚುವ ಹೊತ್ತು ಹೇಗಿರುತ್ತದೆ ಎಂದು ನಾವಿಬ್ಬರೂ ಕಂಡಿರಲಿಲ್ಲ.

ಸಾಹುಕಾರರಿಗೆ ಒಂದು ವಿಚಿತ್ರ ರೂಢಿ ಇತ್ತು. ತಕ್ಕಡಿಯಿಂದ ಹಿಡಿದು ಲಾರಿಯವರೆಗೆ ಏನನ್ನು ಕೊಳ್ಳುವುದಾದರೂ ಇಬ್ಬರನ್ನು ಎದುರು ಬದುರು ಕೂರಿಸಿ ವಾದ ಮಾಡಿಸುವರು. ತಾವು ಎಲೆಯಡಿಕೆ ಹಾಕಿಕೊಂಡು ಒಂದು ಮಾತೂ ಆಡದೆ ಕೇಳುವರು. ಯಾರು ಮೊದಲು ಸುಮ್ಮನಾದರೋ ಅವರು ಸೋತ ಹಾಗೆ. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಗೆದ್ದವನು ಹೇಳಿದ್ದನ್ನೇ ತರಿಸುವರು. ಆಮೇಲೆ ಯಾರು ಏನು ಹೇಳಿದರೂ ಕೇಳುತ್ತಿರಲಿಲ್ಲ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಕೂಡ ಬಹುಶಃ ಈ ಮನರಂಜನೆಗೇ. ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ, ವಕೀಲ ಎಂದೇ ಕರೆಯುವರು.

ಈ ಕತೆಯಲ್ಲಿ ನಿಜವಾಗಿ ಏನಾದರೂ ಕಳೆದುಕೊಳ್ಳುವವರು ಸಾಹುಕಾರರಲ್ಲ, ನಾನಲ್ಲ, ನನ್ನ ಭಾವ. ಅಕ್ಕನ ಗಂಡ. ಅಪ್ಪ ಅಮ್ಮ ಬೇಗ ಹೋದ ಮೇಲೆ ನನ್ನನ್ನು ಓದಿಸಿದವರು. ಹದಿನಾರು ವರ್ಷ ನೆಲದಡಿ ಬ್ಯಾಟರಿ ಲೋಕೊ ಓಡಿಸಿದರು. ಅದಿರು ತುಂಬಿದ ಡಬ್ಬಿಗಳನ್ನು ಸುರಂಗದಲ್ಲಿ ಎಳೆಯುವ ಪುಟ್ಟ ಎಂಜಿನ್ನು. ಆ ಹದಿನಾರು ವರ್ಷದಲ್ಲಿ ಕಲ್ಲಿನ ಧೂಳು ಅವರ ಎದೆಯೊಳಗೆ ಇಳಿದು ಗಟ್ಟಿಯಾಗಿತ್ತು. ವೈದ್ಯರು ಇನ್ನು ಕೆಳಗೆ ಇಳಿಯಕೂಡದು ಎಂದು ಕಾಗದ ಬರೆದುಕೊಟ್ಟರು. ಧೂಳು, ಹೊಗೆ, ಏನೂ ಕೂಡದು. ಕೆಲಸ ಹೋದರೆ ಲೈನು ಮನೆಯೂ ಹೋಗುತ್ತದೆ. ಖಾಲಿ ಮಾಡಲು ಕೆಲವು ತಿಂಗಳ ಗಡುವು ಇತ್ತು. ನಲವತ್ತು ದಾಟದ ಮನುಷ್ಯ ನಲ್ಲಿಯಿಂದ ಕೊಡ ತರುವಾಗ ದಾರಿಯಲ್ಲಿ ಎರಡು ಕಡೆ ಕೂರುತ್ತಿದ್ದರು.

ಆ ಸಮಯಕ್ಕೆ ಸರಿಯಾಗಿ ಸಾಹುಕಾರರು ಫೋರ್ಕ್‌ಲಿಫ್ಟ್ ತರಿಸುವ ಯೋಚನೆ ಮಾಡಿದರು. ಎರಡು ಉಕ್ಕಿನ ನಾಲಿಗೆ ಮುಂದೆ ಚಾಚಿ ಸರಕನ್ನು ಅಡಿಯಿಂದ ಎತ್ತುವ ಗಾಡಿ. ಮದ್ರಾಸಿನ ಬಂದರಿನಲ್ಲಿ ನೋಡಿ ಬಂದಿದ್ದರಂತೆ. ಎರಡು ಜಾತಿ ಇದೆ, ಒಂದು ಡೀಸೆಲ್, ಒಂದು ಬ್ಯಾಟರಿ. ಯಾವುದು ತರಿಸಲಿ ಎಂದು ಕೇಳಿದರು. ಡೀಸೆಲ್ಲಿನ ಪರ ನಮ್ಮ ಲಾರಿಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕು, ಆಂಡರ್ಸನ್‌ಪೇಟೆಯವನೇ, ತಮಿಳು ಮನೆಮಾತಿನವನು. ಬ್ಯಾಟರಿಯ ಪರ ನಾನು. ಈ ಸಲ ಚೀಟಿ ಎತ್ತಿರಲಿಲ್ಲ, ನಾನೇ ಕೇಳಿ ತೆಗೆದುಕೊಂಡ ಪಕ್ಷ. ಡೀಸೆಲ್ ಬಂದರೆ ಮೆಕ್ಯಾನಿಕ್ಕು ತನ್ನ ಕಡೆಯ ಒಬ್ಬ ಡ್ರೈವರನ್ನು ಕೂರಿಸುತ್ತಾನೆ. ಬ್ಯಾಟರಿ ಬಂದರೆ ಸುತ್ತಮುತ್ತ ಅದನ್ನು ಬಲ್ಲವರು ಯಾರು? ಹದಿನಾರು ವರ್ಷ ಬ್ಯಾಟರಿ ಎಂಜಿನ್ ಓಡಿಸಿದ ನನ್ನ ಭಾವ. ಹೊಗೆಯಿಲ್ಲ, ಧೂಳೆಬ್ಬಿಸುವುದಿಲ್ಲ, ಕೂತು ಮಾಡುವ ಕೆಲಸ. ನಾನು ವಾದಕ್ಕೆ ಅಷ್ಟು ಸಿದ್ಧತೆ ಮಾಡಿಕೊಂಡದ್ದು ಯಾವ ಕಪ್ಪಿಗೂ ಅಲ್ಲ.

ಒಂದು ಮಧ್ಯಾಹ್ನ ವ್ಯಾಗನ್ನುಗಳ ಕೆಲಸ ಮುಗಿದ ಮೇಲೆ ಗೋಡೌನಿನ ಆಫೀಸಿನಲ್ಲಿ ಕೂತೆವು. ಬಾಗಿಲ ಹೊರಗೆ ಹಮಾಲಿಗಳು ಬೀಡಿ ಸೇದುತ್ತ ಕೇಳುತ್ತಿದ್ದರು. ಮೆಕ್ಯಾನಿಕ್ಕು ಒಳ್ಳೆಯ ವಾದವನ್ನೇ ಮಂಡಿಸಿದ, ಅವನಿಗೆ ಅನ್ಯಾಯ ಮಾಡಬಾರದು. ಡೀಸೆಲ್ ಗಾಡಿ ಮಳೆಯಲ್ಲಿ ಓಡುತ್ತದೆ, ಗುಂಡಿ ಹಾರುತ್ತದೆ, ಎಣ್ಣೆ ಮುಗಿದರೆ ಡಬ್ಬಿಯಿಂದ ಸುರಿದರೆ ಎರಡು ನಿಮಿಷದಲ್ಲಿ ಮತ್ತೆ ಹೊರಟಿತು. ಕೆಟ್ಟರೆ ಲಾರಿಯ ಹಾಗೆಯೇ ಬಿಚ್ಚಬಹುದು. ಬ್ಯಾಟರಿಯಾದರೋ ಒಂದು ಹಗಲು ಓಡಿದರೆ ಇಡೀ ರಾತ್ರಿ ಕುಡಿಯಬೇಕು.

ನಾನು ಒಂದೊಂದಾಗಿ ತೆಗೆದುಕೊಂಡೆ. ನಮ್ಮ ಗಾಡಿ ಓಡಬೇಕಾದದ್ದು ಎಲ್ಲಿ? ಗೋಡೌನಿನೊಳಗೆ. ಒಳಗೆ ಮಳೆ ಬರುತ್ತದೆಯೇ? ನೆಲ ಸಿಮೆಂಟಿನದು, ಗುಂಡಿ ಎಲ್ಲಿದೆ? ಕಳ್ಳರ ಭಯಕ್ಕೆ ಗೋಡೌನಿಗೆ ಒಂದು ಕಿಟಕಿಯೂ ಇಡಿಸಿಲ್ಲ, ಇರುವುದು ಎರಡು ಬಾಗಿಲು, ಅದರಲ್ಲೂ ಒಂದು ಯಾವಾಗಲೂ ಮುಚ್ಚಿರುತ್ತದೆ. ಅಂಥ ಡಬ್ಬದೊಳಗೆ ಡೀಸೆಲ್ ಹೊಗೆ ಬಿಟ್ಟರೆ ಅಕ್ಕಿ ಮೂಟೆ ಯಾವ ಬಣ್ಣಕ್ಕೆ ಬರುತ್ತದೆ, ಒಳಗಿರುವ ಮನುಷ್ಯ ಯಾವ ಬಣ್ಣಕ್ಕೆ ಬರುತ್ತಾನೆ? ಇನ್ನು ರಾತ್ರಿಯಿಡೀ ಕುಡಿಯುವ ಮಾತು. ಕುಡಿಯಲಿ. ರಾತ್ರಿ ಗೋಡೌನಿನಲ್ಲಿ ಬೇರೆ ಏನು ಕೆಲಸವಿದೆ? ಕೊನೆಗೆ ಎದ್ದು ನಿಂತು ಕೇಳಿದೆ: ಇಲ್ಲಿ ಕೂತವರಲ್ಲಿ ಯಾರಾದರೂ ಕರೆಂಟು ಹೋದದ್ದನ್ನು ಕಂಡಿದ್ದೀರಾ?

ಮೆಕ್ಯಾನಿಕ್ಕು ಯೋಚಿಸಿದ. ಅವನೂ ಗಣಿಯ ಕೂಸೇ. ಸಾಹುಕಾರರು ಯೋಚಿಸಿದರು. ಯಾರೂ ಕಂಡಿರಲಿಲ್ಲ.

ಆಗ ಬಾಗಿಲ ಹೊರಗಿನಿಂದ ಹಮಾಲಿಗಳ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. “ಸ್ವಾಮಿ, ಇಲ್ಲಿ ಬ್ಯಾಸ್ಗೇಲಿ ಕರೆಂಟು ಒಂದೇ ಸಮ ಇರಾಕಿಲ್ಲ. ಬತ್ತದೆ, ಓಯ್ತದೆ.”

ನನ್ನ ಬಾಯಿಗೆ ಬಂದದ್ದು ಮೇಷ್ಟರು ಕಲಿಸಿದ್ದೇ. ಎಷ್ಟು ಸಲ ಹೋಯಿತು ಎಂದೆ. ಸುಮಾರು ಸಲ ಎಂದ. ಸುಮಾರು ಎಂದರೆ ಹತ್ತೋ ನೂರೋ? ಹೋದರೆ ಎಷ್ಟು ಹೊತ್ತು? ಗಡಿಯಾರ ನೋಡಿದ್ದೆಯಾ? ನಿನ್ನ ಮನೆಯಲ್ಲಿ ಕರೆಂಟಿದೆಯಾ? ಇರಲಿಲ್ಲ; ಬೀದಿ ದೀಪ ಆರುವುದನ್ನು ನೋಡಿದ್ದನಂತೆ. ಬೀದಿ ದೀಪವನ್ನು ಬೇಕೆಂದೇ ಆರಿಸಿರಬಹುದಲ್ಲವೇ? ಅವನು ತಲೆ ಕೆರೆದುಕೊಂಡ. ಕೊನೆಗೆ ನಾನು ಸಾಹುಕಾರರ ಕಡೆ ತಿರುಗಿ, ಯಾವ ಗಾಡಿ ಬಂದರೂ ಇವನ ಜನಕ್ಕೆ ಕೆಲಸ ಕಡಿಮೆಯಾಗುತ್ತದೆ, ಆದ್ದರಿಂದ ಗಾಡಿಯೇ ಬರದಿರಲಿ ಎನ್ನುವುದು ಇವನ ಸ್ವಾರ್ಥ, ಸಾಕ್ಷಿಯನ್ನು ಅಷ್ಟರಮಟ್ಟಿಗೇ ನಂಬಬೇಕು ಎಂದೆ. ಮೇಸ್ತ್ರಿ ಸುಮ್ಮನಾದ. ನನ್ನ ಸ್ವಾರ್ಥದ ಬಗ್ಗೆ ಯಾರೂ ಕೇಳಲಿಲ್ಲ. ಮೇಸ್ತ್ರಿಗೆ ಆ ತರಬೇತಿ ಇರಲಿಲ್ಲ.

ಸಾಹುಕಾರರು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. “ಬ್ಯಾಟ್ರೀದೇ ತರಿಸೋಣ ಬಿಡಯ್ಯಾ, ವಕೀಲ.”

ಇನ್ನೊಂದು ಮಾತು ಇಲ್ಲಿಯೇ ಬರೆಯುತ್ತೇನೆ. ಫೋರ್ಕ್‌ಲಿಫ್ಟ್ ಬೇಕೇ ಬೇಡವೇ ಎಂಬುದು ಅಂದಿನ ವಿಷಯವಾಗಿರಲಿಲ್ಲ. ಯಾವುದು ಎನ್ನುವುದಷ್ಟೇ ವಿಷಯ. ವಿಷಯವನ್ನು ಇಡುವವನು ವಾದ ಶುರುವಾಗುವ ಮೊದಲೇ ಅರ್ಧ ಗೆದ್ದಿರುತ್ತಾನೆ. ಇದು ನನಗೆ ಕಾಲೇಜಿನಲ್ಲಿ ಗೊತ್ತಿತ್ತು. ಆ ಮಧ್ಯಾಹ್ನ ಗೊತ್ತಿದ್ದೂ ಬೇಕಾಗಿರಲಿಲ್ಲ.

ಗಾಡಿ ಬರಲು ತುಂಬ ತಿಂಗಳು ಹಿಡಿಯಿತು. ಬಂದಾಗ ಮಳೆಗಾಲ ಮುಗಿದಿತ್ತು. ಭಾವ ಅದರ ಸುತ್ತ ಒಂದು ಸುತ್ತು ಬಂದು, ಸೀಟಿನ ಕೆಳಗಿನ ಮುಚ್ಚಳ ತೆಗೆದು, ಬ್ಯಾಟರಿಗಳ ಸಾಲನ್ನು ನೋಡಿ ಮೊದಲ ಸಲ ನಕ್ಕರು. ಹಳೆಯ ನೆಂಟರನ್ನು ಕಂಡವರ ಹಾಗೆ ಒಂದೊಂದರ ಮೇಲೂ ಕೈಯಿಟ್ಟರು. ಎರಡೇ ದಿನದಲ್ಲಿ ಆ ನಾಲಿಗೆಯನ್ನು ಪೆಟ್ಟಿಗೆಯಡಿ ಎಷ್ಟು ನಯವಾಗಿ ತೂರಿಸುತ್ತಿದ್ದರೆಂದರೆ ಮೆಕ್ಯಾನಿಕ್ಕು ಕೂಡ ಕೆಲಸ ಬಿಟ್ಟು ನಿಂತು ನೋಡಿದ. ಗಾಡಿ ಸದ್ದೇ ಮಾಡುತ್ತಿರಲಿಲ್ಲ. ಹಿಂದಿನಿಂದ ಬಂದರೆ ಗೊತ್ತಾಗದೆಂದು ಹಮಾಲಿಗಳು ಬೈಯುತ್ತಿದ್ದರು. ಬೈಯಲು ಉಳಿದವರು ಒಂಬತ್ತು ಮಂದಿ. ಮಿಕ್ಕವರನ್ನು ಗಾಡಿ ಬಂದ ವಾರವೇ ಕಳಿಸಿದ್ದರು.

ಗಡುವು ಮುಗಿದು ಲೈನು ಮನೆ ಬಿಟ್ಟೆವು. ಬಂಗಾರಪೇಟೆಯಲ್ಲಿ ಗೂಡ್ಸ್ ಯಾರ್ಡಿನ ಹಿಂದೆ ಎರಡು ಕೋಣೆಯ ಮನೆ ಸಿಕ್ಕಿತು. ಆ ಚಳಿಗಾಲ ಚೆನ್ನಾಗಿತ್ತು, ಇದನ್ನು ನಾನು ಅಲ್ಲಗಳೆಯಲಾರೆ. ಭಾವ ಮಧ್ಯಾಹ್ನ ಊಟಕ್ಕೆ ನಡೆದು ಬರುತ್ತಿದ್ದರು, ದಾರಿಯಲ್ಲಿ ಕೂರದೆ. ಅಕ್ಕ ಒಂದು ಎಮ್ಮೆ ಕೊಳ್ಳುವ ಮಾತಾಡುತ್ತಿದ್ದಳು.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಏಳು ಗಂಟೆಯ ಹೊತ್ತಿಗೆ ಮನೆಯ ಬಲ್ಬು ಆರಿತು. ಅಕ್ಕ ನನ್ನನ್ನು ಹೊಸ ಬಲ್ಬು ತರಲು ಓಡಿಸಿದಳು. ನಾನು ಓಡಿದೆ. ಬೀದಿಯೆಲ್ಲ ಕತ್ತಲಾಗಿದ್ದದ್ದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಅಂಗಡಿಯವನು ಮೇಣದ ಬತ್ತಿ ಹಚ್ಚಿ ಕೂತಿದ್ದ. ನಾನು ಬಲ್ಬು ಕೇಳಿದೆ. ಅವನು ಕೊಟ್ಟ. ಪರೀಕ್ಷೆ ಮಾಡಿ ಕೊಡಿ ಎಂದೆ. ಅವನು ನನ್ನ ಮುಖವನ್ನೇ ನೋಡಿದ.

“ಮೈನ್ಸ್‌ನೋರಾ?” ಎಂದ.

ಹೌದೆಂದೆ.

“ಅದೇ ಅನ್ಕಂಡೆ. ಓದ ವರ್ಷಾನೂ ಒಬ್ರು ಇಂಗೇ ಬಂದಿದ್ರು. ಬತ್ತಿ ತಗಂಡೋಗಿ ಸ್ವಾಮಿ, ಬಲ್ಬು ಇಲ್ಲೇ ಇರ್ಲಿ.”

ಬತ್ತಿ ಹಿಡಿದು ಮನೆಗೆ ಬಂದೆ. ಭಾವ ಮನೆಯಲ್ಲಿರಲಿಲ್ಲ. ಗೋಡೌನಿಗೆ ಹೋಗಿದ್ದರು. ಹೋಗಿ ನೋಡಿದರೆ ಚಾರ್ಜು ಮಾಡುವ ಪೆಟ್ಟಿಗೆಯ ಎದುರು ಕೂತು ಅದರ ಮುಳ್ಳನ್ನು ನೋಡುತ್ತಿದ್ದರು. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಆ ಬೇಸಿಗೆಯಲ್ಲಿ ಕರೆಂಟು ಮೇಸ್ತ್ರಿ ಹೇಳಿದ ಹಾಗೆಯೇ ಬಂತು, ಹೋಯಿತು. ಅಣೆಕಟ್ಟಿನಲ್ಲಿ ನೀರಿಲ್ಲ, ಎಲ್ಲ ಊರಿಗೂ ಕಡಿತ ಎಂದರು. ಎಲ್ಲ ಊರಿಗೂ ಹೌದು, ಆದರೆ ಏಳೆಂಟು ಮೈಲಿ ಆಚೆ ಗಣಿಯ ದೀಪಗಳು ಮಾತ್ರ ದಿಬ್ಬದ ಮೇಲೆ ಎಂದಿನಂತೆ ಉರಿಯುತ್ತಿದ್ದವು. ಕರೆಂಟು ಇದ್ದಾಗಲೂ ಬಲ್ಬಿನೊಳಗಿನ ತಂತಿ ಕೆಂಪಗೆ ಕಾಣುವಷ್ಟು ದುರ್ಬಲ. ಬ್ಯಾಟರಿ ಎಂಟು ಗಂಟೆ ಕುಡಿಯಬೇಕಾದ ಕಡೆ ಮೂರು ಗಂಟೆ ಕುಡಿಯುತ್ತಿತ್ತು. ಭಾವ ಬೆಳಿಗ್ಗೆ ಪ್ರತಿ ಬ್ಯಾಟರಿಯ ದ್ರವದಲ್ಲಿ ಗಾಜಿನ ಕೊಳವೆ ತೇಲಿಬಿಟ್ಟು ಎಷ್ಟು ಶಕ್ತಿ ಉಳಿದಿದೆ ಎಂದು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಅಂಕಿ ವಾರದಿಂದ ವಾರಕ್ಕೆ ಇಳಿಯಿತು. ಅರೆಹೊಟ್ಟೆಯಲ್ಲಿ ದುಡಿಸಿದ ಬ್ಯಾಟರಿಯೊಳಗೆ ಬಿಳಿಯ ಹರಳು ಕಟ್ಟುತ್ತದೆ, ಅದು ಕಟ್ಟಿದ ಮೇಲೆ ಎಷ್ಟು ಕರೆಂಟು ಕೊಟ್ಟರೂ ಹಿಡಿಯುವುದಿಲ್ಲ ಎಂದು ವಿವರಿಸಿದರು. ಅದನ್ನು ವಿವರಿಸುವಾಗ ಮಾತಿನ ನಡುವೆ ಮೂರು ಸಲ ಉಸಿರಿಗೆ ನಿಂತರು. ಅವರ ಎದೆಯೂ ಅದೇ ರೀತಿ ಎಂದು ನನಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹೋಲಿಕೆಗಳು ಭಾಷಣಕ್ಕೆ ಚೆಂದ.

ನಾನು ಸುಮ್ಮನಿರಲಿಲ್ಲ. ಇನ್ನೊಂದು ಜೊತೆ ಬ್ಯಾಟರಿ ತರಿಸೋಣ ಎಂದೆ; ವಿದೇಶದಿಂದ ಬರಬೇಕು, ಪರವಾನಗಿ ಸಿಗಲಿಲ್ಲ. ಹಗಲು ಚಾರ್ಜು ಮಾಡಿ ರಾತ್ರಿ ಕೆಲಸ ಮಾಡೋಣ ಎಂದೆ. ವ್ಯಾಗನ್ನು ಹಗಲು ಬರುತ್ತಿತ್ತು. ಬ್ಯಾಟರಿಗಳನ್ನು ಬಿಚ್ಚಿ ಲಾರಿಯಲ್ಲಿ ಗಣಿಗೆ ಒಯ್ದು ಅಲ್ಲಿ ಯಾರಿಗಾದರೂ ಹೇಳಿ ತುಂಬಿಸಿಕೊಂಡು ಬರೋಣ ಎಂದೆ. ಭಾವ ಇದಕ್ಕೆ ಮಾತ್ರ ತಲೆಯೆತ್ತಿದರು. ಒಂದೊಂದನ್ನೂ ಎತ್ತಲು ನಾಲ್ಕು ಜನ ಬೇಕು, ಆ ನಾಲ್ಕು ಜನರನ್ನು ನಾವೇ ಕಳಿಸಿಬಿಟ್ಟಿದ್ದೇವೆ ಎಂದರು.

ಸಾಹುಕಾರರು ಮತ್ತೆ ಇಬ್ಬರನ್ನೂ ಕೂರಿಸಿದರು. ಅದೇ ಆಫೀಸು, ಅದೇ ಮೆಕ್ಯಾನಿಕ್ಕು. ನಾನು ಮೂರು ಪುಟ ಬರೆದುಕೊಂಡು ಹೋಗಿದ್ದೆ. ಕರೆಂಟಿನ ಕೊರತೆ ತಾತ್ಕಾಲಿಕ, ಹೊಗೆಯ ಕೇಡು ಶಾಶ್ವತ ಎಂದು ಶುರುಮಾಡುವುದಿತ್ತು. ಮೆಕ್ಯಾನಿಕ್ಕು ಮೊದಲು ಒಂದು ಮಾತು ಕೇಳಲು ಅಪ್ಪಣೆ ಬೇಡಿದ.

“ತಂಬಿ, ಇವತ್ತು ಬೆಳಿಗ್ಗೆ ಗಾಡಿ ಹೊರಟಿತಾ?”

ಹೊರಟಿರಲಿಲ್ಲ. ಎರಡು ವ್ಯಾಗನ್ನು ಸರಕು ಬಿಸಿಲಿನಲ್ಲಿ ನಿಂತಿತ್ತು. ಆ ಪ್ರಶ್ನೆಗೆ ಎಷ್ಟು ಸಲ, ಯಾವಾಗ, ಎಲ್ಲಿ ಬರೆದಿದೆ ಎಂದು ಕೇಳುವಂತಿರಲಿಲ್ಲ. ಗೋಡೆಯ ಮೇಲೆ ಭಾವನ ಅಕ್ಷರದಲ್ಲೇ ಬರೆದಿತ್ತು. ಸಾಹುಕಾರರು ಬಾಯಿ ಮುಕ್ಕಳಿಸಲು ಎದ್ದರು. ಹಮಾಲಿಗಳ ಮೇಸ್ತ್ರಿ ಬಾಗಿಲಲ್ಲಿ ಇದ್ದ. ಅವನು ನನ್ನ ಕಡೆ ನೋಡಿ ನಗಬಹುದಿತ್ತು. ನಗಲಿಲ್ಲ. ಕಳಿಸಿದವರನ್ನು ಮತ್ತೆ ಕರೆಸುವುದೇ ಎಂದು ಸಾಹುಕಾರರನ್ನು ಕೇಳಿದ. ಅದು ವಿಷಯವಲ್ಲವಲ್ಲ ಎಂದರು ಅವರು.

ಡೀಸೆಲ್ ಗಾಡಿ ಹಳೆಯದು, ಎಲ್ಲಿಯೋ ಓಡಿ ಸುಸ್ತಾದದ್ದು, ಒಂದೇ ತಿಂಗಳಲ್ಲಿ ಬಂತು. ಡ್ರೈವರು ಮೆಕ್ಯಾನಿಕ್ಕಿನ ಕಡೆಯವನು ಎಂದು ಮೊದಲೇ ಗೊತ್ತು. ನನಗೆ ಒಳಗೊಳಗೆ ಅದು ಸಮಾಧಾನವಾಗಿತ್ತು. ಭಾವನಿಗೆ ಬೇರೆ ಏನಾದರೂ ನೋಡಿದರಾಯಿತು, ಬಾಗಿಲಲ್ಲಿ ಕೂತು ಚೀಟಿ ಬರೆಯುವುದು, ಕಾವಲು, ಏನಾದರೂ. ಆದರೆ ಭಾವ ನನಗೆ ಹೇಳದೆ ಸಾಹುಕಾರರ ಬಳಿಗೆ ಹೋಗಿ ಆ ಸೀಟು ತನಗೇ ಬೇಕೆಂದು ಕೇಳಿಕೊಂಡರು. ಗೋಡೌನಿನ ಇಕ್ಕಟ್ಟು ಮೂಲೆಗಳನ್ನು ಅವರಷ್ಟು ಬಲ್ಲವರಿರಲಿಲ್ಲ. ಸಾಹುಕಾರರು ಕೊಟ್ಟರು. ನನ್ನನ್ನು ಕರೆದು, ನಿಮ್ಮ ಭಾವನಿಗೆ ಅನ್ಯಾಯ ಮಾಡಲಿಲ್ಲ ನೋಡು ಎಂದೂ ಹೇಳಿದರು.

ಆ ಸಂಜೆ ಮನೆಯ ಜಗಲಿಯ ಮೇಲೆ ನಾನು ಭಾವನಿಗೆ ವೈದ್ಯರ ಕಾಗದವನ್ನು ಓದಿ ಹೇಳಿದೆ. ಹೊಗೆ ಕೂಡದು ಎಂದು ಅದರಲ್ಲಿ ಬರೆದಿತ್ತು, ಅಡಿಗೆರೆ ಎಳೆದು. ಭಾವ ಕೇಳಿಸಿಕೊಂಡು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿಕೊಂಡರು.

“ಇದನ್ನ ಸಾವ್ಕಾರ್ರಿಗೆ ತೋರಿಸ್ಬ್ಯಾಡ ಕಣ್ಲಾ ಬಾಮೈದ.”

ಯಾಕೆ ತೋರಿಸಬಾರದು ಎಂದು ಶುರುಮಾಡಿದೆ. ನನ್ನ ಸಂಬಳದಲ್ಲಿ ಮೂವರೂ ಇರಬಹುದು, ಆರು ತಿಂಗಳು ಸುಮ್ಮನೆ ಕೂತರೆ ಎದೆ ಸ್ವಲ್ಪ ಸುಧಾರಿಸಬಹುದು, ಈ ಹೊಗೆಯಲ್ಲಿ ಎಷ್ಟು ದಿನ ಎಂದು ಕೇಳಿದೆ. ಭಾವ ಬಹಳ ಹೊತ್ತು ಸುಮ್ಮನಿದ್ದರು. ಸಾಹುಕಾರರ ಲೆಕ್ಕದಲ್ಲಿ ಅದು ಸೋಲು.

“ನೀ ಯೋಳೋದೆಲ್ಲ ಸರಿ,” ಎಂದರು ಆಮೇಲೆ. “ಆದ್ರೆ ಧೂಳು ಕುಡಿದಿರೋ ಎದೆ ಸುಮ್ಕೆ ಕೂತ್ರೆ ವಾಸಿ ಆಯ್ತದೆ ಅಂತ ನಿಂಗೆ ಯಾವ ಡಾಕ್ಟ್ರು ಯೋಳಿದ್ರು? ನಮ್ ಲೈನ್‌ನಾಗೆ ಕೂತೋರು ಒಬ್ರಾದ್ರೂ ಎದ್ರಾ? ಎಷ್ಟು ಜನ ಎದ್ರು, ಯೋಳು.”

ನನ್ನ ಪ್ರಶ್ನೆಯೇ ಅದು. ಅವರು ಅದನ್ನು ನನ್ನಿಂದಲೇ ಕಲಿತಿರಬೇಕು. ಲೆಕ್ಕ ಹಾಕಿದೆ, ನಮ್ಮ ಲೈನಿನಲ್ಲಿ ಒಬ್ಬರೂ ಇರಲಿಲ್ಲ.

ಡೀಸೆಲ್ ಗಾಡಿಗೆ ಸದ್ದಿತ್ತು, ಹೊಗೆಯಿತ್ತು. ಎತ್ತುವಾಗ ಹಿಂದಿನ ಕೊಳವೆಯಿಂದ ಕರಿಯ ಮುದ್ದೆ ಹೊರಟು ಸೂರಿನ ತಗಡಿಗೆ ತಾಗಿ ಕೆಳಗೆ ಇಳಿಯುತ್ತಿತ್ತು. ಹತ್ತು ಗಂಟೆಗೆಲ್ಲ ಗೋಡೌನಿನ ಆ ತುದಿ ಈ ತುದಿಗೆ ಕಾಣುತ್ತಿರಲಿಲ್ಲ. ಭಾವ ಒದ್ದೆ ಟವೆಲನ್ನು ಮೂಗಿಗೆ ಸುತ್ತಿಕೊಂಡು ಕೂರುತ್ತಿದ್ದರು. ಮಧ್ಯಾಹ್ನ ಅದನ್ನು ಹಿಂಡಿದರೆ ಮಸಿಯ ನೀರು. ನಾನು ಸಾಹುಕಾರರನ್ನು ಗೋಡೆಗೆ ಕಿಟಕಿ ಒಡೆಸಿರೆಂದು ಕೇಳಿದೆ. ವಾದ ಮಾಡು, ಎದುರು ಯಾರನ್ನು ಕೂರಿಸಲಿ ಎಂದರು. ಎದುರು ಕೂರಲು ಯಾರೂ ಮುಂದೆ ಬರಲಿಲ್ಲ. ಹೊಗೆ ಒಳ್ಳೆಯದೆಂದು ಯಾರು ತಾನೆ ವಾದಿಸುತ್ತಾರೆ? ಎದುರಾಳಿ ಇಲ್ಲದ್ದರಿಂದ ವಾದ ನಡೆಯಲಿಲ್ಲ, ವಾದ ನಡೆಯದ್ದರಿಂದ ತೀರ್ಮಾನವಾಗಲಿಲ್ಲ. ತುಂಬ ಕಾಡಿದ ಮೇಲೆ ಸೂರಿನ ಬಳಿ ಕೈ ತೂರುವಷ್ಟು ಎರಡು ಕಿಂಡಿ ಇಡಿಸಿದರು. ಪಾರಿವಾಳಗಳು ಬಂದು ಸೇರಿಕೊಂಡವು. ಒಂದೇ ವಾರದಲ್ಲಿ ಅವೂ ಹೋದವು.

ಬ್ಯಾಟರಿ ಗಾಡಿಯನ್ನು ಮೂಲೆಗೆ ತಳ್ಳಿ ಮೇಲೆ ಗೋಣಿ ಹೊದಿಸಿದ್ದರು. ಮುಂದಿನ ಮಳೆಗಾಲದಲ್ಲಿ ಕರೆಂಟು ಸರಿಯಾಯಿತು. ನಾನು ಹೇಳಿದ್ದು ನಿಜವೇ ಆಗಿತ್ತು, ಕೊರತೆ ತಾತ್ಕಾಲಿಕ. ಭಾವ ಒಂದು ಭಾನುವಾರ ಹೋಗಿ ಬಟ್ಟಿ ಇಳಿಸಿದ ನೀರು ಹಾಕಿ ದಿನವಿಡೀ ಚಾರ್ಜಿಗೆ ಇಟ್ಟು ನೋಡಿದರು. ಸಂಜೆ ಗಾಡಿ ಆಫೀಸಿನ ಬಾಗಿಲವರೆಗೆ ಬಂದು ನಿಂತಿತು. ಅಲ್ಲಿಂದ ವಾಪಸ್ಸು ತಳ್ಳಬೇಕಾಯಿತು. ನಾನೂ ಮೇಸ್ತ್ರಿಯೂ ತಳ್ಳಿದೆವು. ಭಾವನಿಗೆ ತಳ್ಳಲು ಆಗಲಿಲ್ಲ, ಪಕ್ಕದಲ್ಲಿ ಕೈಯಿಟ್ಟುಕೊಂಡು ನಡೆದರು. ತಳ್ಳುವಾಗ ನಾನು ಮೇಸ್ತ್ರಿಗೆ, ಅವತ್ತು ನೀನು ಹೇಳಿದ್ದೇ ಸರಿಯಾಗಿತ್ತು ಎಂದೆ. ಕ್ಷಮೆ ಕೇಳಿದ ಹಾಗೆ ಇರಲಿ ಎಂದು. ಅವನು ಆ ಮಾತನ್ನು ಎತ್ತಿಕೊಳ್ಳಲೇ ಇಲ್ಲ. ಒಂಬತ್ತು ಮಂದಿಯಲ್ಲಿ ಮತ್ತೆ ನಾಲ್ವರನ್ನು ಕಳಿಸುತ್ತಾರಂತೆ ಹೌದೇ ಎಂದು ಕೇಳಿದ. ಹೌದೆಂದೆ, ಆ ಪಟ್ಟಿ ಬರೆದವನು ನಾನೇ.

ಭಾವ ಡೀಸೆಲ್ ಗಾಡಿಯನ್ನು ಹದಿನಾಲ್ಕು ತಿಂಗಳು ಓಡಿಸಿದರು. ಕೊನೆಯ ದಿನಗಳಲ್ಲಿ ಸೀಟಿಗೆ ಹತ್ತಿಸಲು ಒಬ್ಬರು ಬೇಕಿತ್ತು. ಹತ್ತಿ ಕೂತರೆ ಮೊದಲಿನ ಹಾಗೆಯೇ, ಒಂದು ಪೆಟ್ಟಿಗೆಯ ಮೂಲೆಯೂ ಒಡೆಯುತ್ತಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಸಾಹುಕಾರರು ಬರುತ್ತಾನಾ ಇಲ್ಲವಾ ತಿಳಿಸು ಎಂದು ಹೇಳಿ ಕಳಿಸಿದರು, ಕೋಪದಿಂದಲ್ಲ, ವ್ಯಾಗನ್ನು ಬಂದಿತ್ತು. ನಾನು ಭಾವನ ಪಕ್ಕದಲ್ಲಿ ಕೂತು ಮಾತು ಶುರುಮಾಡಿದೆ. ಮಳೆಗಾಲ ಕಳೆದರೆ ಉಸಿರು ಸಡಿಲವಾಗುತ್ತದೆ, ಮದ್ರಾಸಿನಲ್ಲಿ ಹೊಸ ಔಷಧಿ ಬಂದಿದೆಯಂತೆ, ಸಾಹುಕಾರರು ಸೀಟು ಕಾದಿಡುತ್ತಾರೆ. ಯಾವುದನ್ನೂ ನಾನು ನಂಬಿರಲಿಲ್ಲ. ಪರ ಎಂದು ಚೀಟಿ ಬಂದವನ ಹಾಗೆ ಮಾತಾಡುತ್ತಿದ್ದೆ. ಭಾವ ಕಣ್ಣು ಮುಚ್ಚಿ ಕೇಳುತ್ತಿದ್ದರು, ಮುಖ ಸ್ವಲ್ಪ ಸಡಿಲವಾಗಿತ್ತು. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು.

“ಸಾಕು ನಿಲ್ಸೋ. ನೀ ಮಾತಾಡಿದ್ರೆ ಎಲ್ಲಾ ಸರಿ ಅನ್ಸಿಬಿಡ್ತದೆ. ಇವತ್ತು ಬ್ಯಾಡ.”

ನಿಲ್ಲಿಸಿದೆ. ಅದಾದ ಹನ್ನೊಂದನೆಯ ದಿನ ಭಾವ ಹೋದರು.

ಮೆಕ್ಯಾನಿಕ್ಕಿನ ಕಡೆಯವನು ಸೀಟಿಗೆ ಬಂದ. ಗಟ್ಟಿಮುಟ್ಟಾದ ಆಳು, ಟವೆಲು ಸುತ್ತಿಕೊಳ್ಳುವುದಿಲ್ಲ. ಹೇಳಿದರೆ ನಗುತ್ತಾನೆ. ಒಳಗೆ ಮೂಟೆಗಳು ಗಾಡಿಯ ನಾಲಿಗೆ ತಾಗಿ ಹರಿಯುತ್ತವೆ, ಹರಿದ ಮೂಟೆ ಹೊಲಿಯಲು ಒಬ್ಬರು ಬೇಕಾಗಿತ್ತು. ಅಕ್ಕ ಸಾಹುಕಾರರನ್ನು ತಾನೇ ಹೋಗಿ ಕೇಳಿಕೊಂಡು ಬಂದಳು, ನನ್ನನ್ನು ಕೇಳಲಿಲ್ಲ. ಈಗ ದಿನವೂ ನನ್ನ ಜೊತೆ ಹೊರಡುತ್ತಾಳೆ. ಗೋಡೌನಿನ ಆ ತುದಿಯಲ್ಲಿ, ಗಾಡಿ ತಿರುಗಿಕೊಳ್ಳುವ ಜಾಗದ ಪಕ್ಕದಲ್ಲಿ, ದಬ್ಬಳ ಹಿಡಿದು ಕೂರುತ್ತಾಳೆ. ಹರಿದದ್ದೆಲ್ಲ ಅಲ್ಲಿಯೇ ಬೀಳುವುದರಿಂದ ಅಲ್ಲಿಯೇ ಕೂರಬೇಕು. ಬಾಗಿಲ ಹತ್ತಿರ ಬಂದು ಕೂರು ಎಂದು ಹೇಳಲು ನನ್ನ ಬಳಿ ಮೂರು ಒಳ್ಳೆಯ ಕಾರಣಗಳಿವೆ. ಮೂಟೆಯನ್ನು ಬಾಗಿಲವರೆಗೆ ಹೊತ್ತು ತರುವವರು ಯಾರು ಎಂದು ಅವಳು ಕೇಳುತ್ತಾಳೆ. ಇರುವ ಐದು ಮಂದಿಗೆ ಅವರ ಕೆಲಸವೇ ಆಗುವುದಿಲ್ಲ. ನಾನು ಆಫೀಸಿನಲ್ಲಿ ಕೂತು ಬರೆಯುತ್ತೇನೆ. ಮೊನ್ನೆಯಿಂದ ಅವಳು ಕೆಮ್ಮುತ್ತಿದ್ದಾಳೆ.